ಏಳು ಎಂದರೆ ಏಳು ತಿಂಗಳಲ್ಲ

ಹುನಗುಂದ
14 ಡಿಸೆಂಬರ್ 2025, ರವಿವಾರ

ಗೆಳೆಯ ಸುಭಾನಸಾಬನಿಗೆ,

ಮಾಳಿಂಗರಾಯನ ಸಲಾಮು, ಶರಣು ಎರಡೂ. ಯಾವುದು ಬೇಕೋ ಇಟ್ಟುಕೋ.

ನಿನ್ನ ಪತ್ರ ದಸರೆಗೆ ಮುಂಚೆಯೇ ಬಂದಿತ್ತು. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು, ತಪ್ಪಾಯಿತು. ನೀನು ಸೊಲ್ಲಾಪುರದ ಮಗಳ ಮನೆ ಬಿಟ್ಟು ಇಳಕಲ್ಲಿಗೆ ಮರಳಿದ್ದು ಕೇಳಿ ಸಂತೋಷವಾಯಿತು. ಇಲ್ಲಿಂದ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ, ಬಂದು ಹೋಗಬಹುದಿತ್ತು. ಬರಲಿಲ್ಲ. ಫೋನು ಮಾಡೋಣವೆಂದರೆ ನಿನಗೆ ಕಿವಿ ಮಂದ, ನನಗೆ ನಾಲಗೆಯೇ ಇಲ್ಲ. ಇಪ್ಪತ್ತೆರಡು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತು ಬಾಯಿ ನೋಯುವಷ್ಟು ಹರಟಿದವರಿಗೆ ಕೊನೆಗೆ ಅಂಚೆಯೇ ಗತಿಯಾಯಿತು ನೋಡು. ನೀನು ಕನ್ನಡ ಮಾಸ್ತರ, ನಾನು ಗಣಿತದವ. ತಪ್ಪು ಕಂಡರೆ ಕೆಂಪು ಶಾಯಿ ಹಚ್ಚಿ ವಾಪಸು ಕಳಿಸಬೇಡ.

‘ಡಾಕ್ಟರರ ಲೆಕ್ಕವನ್ನೇ ಸುಳ್ಳು ಮಾಡಿ ಬದುಕಿದ್ದೀಯಂತೆ, ಪೇಡೆ ಯಾವಾಗ ಕೊಡಿಸುತ್ತೀ’ ಎಂದು ಕೇಳಿದ್ದೀ. ಅದರ ಕೆಳಗೇ, ‘ನಮ್ಮ ಸುಧಾರಾಣಿ ಧಾರವಾಡದ ಓದು ಮುಗಿಸಿ ಎಲ್ಲಿ ನೌಕರಿ ಹಿಡಿದಳು’ ಎಂದೂ ಕೇಳಿದ್ದೀ. ಈ ಎರಡನೆಯ ಸಾಲು ಓದಿ ಪತ್ರವನ್ನು ಮಡಿಚಿಟ್ಟವನು ಎರಡು ತಿಂಗಳು ತೆಗೆಯಲಿಲ್ಲ. ನಿನಗೆ ಜವಾನ ಕಾಶಪ್ಪ ನನ್ನ ಬೇನೆಯ ಸುದ್ದಿ ಮುಟ್ಟಿಸಿದ್ದಾನೆ, ಮಗಳ ಸುದ್ದಿ ಮುಟ್ಟಿಸಿಲ್ಲ. ಅವಳು ಧಾರವಾಡಕ್ಕೆ ಹೋಗಲೇ ಇಲ್ಲ ಸುಭಾನ. ಅವಳ ಮದುವೆಯಾಗಿ ಎರಡೂವರೆ ವರ್ಷ ಕಳೆದಿದೆ. ಕೆರೂರಿನಲ್ಲಿದ್ದಾಳೆ. ನಿನಗೆ ಕಾರ್ಡು ಕೂಡ ಕಳಿಸಲಿಲ್ಲ. ಹದಿನೆಂಟು ದಿನದಲ್ಲಿ ಮಾಡಿ ಮುಗಿಸಿದ ಮದುವೆ ಅದು.

ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ.

2023ರ ಯುಗಾದಿಯ ಹೊತ್ತಿಗೆ ನಾಲಗೆಯ ಎಡ ಅಂಚಿನಲ್ಲಿ ಒಂದು ಹುಣ್ಣಾಯಿತು. ಪಕ್ಕದ ದವಡೆ ಹಲ್ಲು ಮುರಿದು ಚೂಪಾಗಿತ್ತು, ಅದೇ ತಾಗುತ್ತಿದೆ ಎಂದುಕೊಂಡೆ. ತಂಬಾಕು-ಸುಣ್ಣ ತಿಕ್ಕಿ ತುಟಿಯೊಳಗೆ ಇಡುವುದನ್ನು ಆಗಲೂ ಬಿಟ್ಟಿರಲಿಲ್ಲ. ಎರಡು ಪಿರಿಯಡ್ಡಿನ ನಡುವೆ ನಾನು ಗೋಡೆಗೆ ಮುಖ ಮಾಡಿ ತಿಕ್ಕುವಾಗ ನೀನು ‘ಲೇ ಮಾಳಿಂಗ್ಯಾ, ಹುಡುಗೂರಿಗೆ ಭೂಮಿತಿ ಕಲಸ್ತಿ, ನಿನ್ನ ಬಾಯಿಗೆ ಕೇಡು ಕಲಸ್ತಿ’ ಎನ್ನುತ್ತಿದ್ದೆಯಲ್ಲ, ಆಗ ನಗುತ್ತಿದ್ದೆ. ಏಪ್ರಿಲ್ ತಿಂಗಳಲ್ಲಿ ಹಲ್ಲಿಗೆ ಕೀವು ತುಂಬಿ ಕೆನ್ನೆ ಊದಿತು, ಜ್ವರ ಬಂತು. ನಮ್ಮ ಮನೆಯಾಕೆ ಲಲಿತಾ ಹಟ ಮಾಡಿ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಹುಣ್ಣಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ರಕ್ತ ತೆಗೆದರು. ಕ್ಯಾನ್ಸರ್ ಎಂದು ಗೊತ್ತಾಗಲು ಆರು ದಿನ ಹಿಡಿಯಿತು.

ನನ್ನನ್ನು ನೋಡಿದ ಡಾಕ್ಟರು ಯಾರೆಂದುಕೊಂಡೆ? ನಮ್ಮ ದೀಪಕ. ಹತ್ತನೆಯ ತರಗತಿಯಲ್ಲಿ ಮೂಲೆಯ ಬೆಂಚಿನಲ್ಲಿ ಕುಳಿತು ನಿನ್ನ ಪಾಠದಲ್ಲಿ ನಿದ್ದೆ ಮಾಡಿ, ನನ್ನ ಪಾಠದಲ್ಲಿ ಏಳುತ್ತಿದ್ದನಲ್ಲ, ಅವನೇ. ಈಗ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ಸರ್ಜನ್. ಎದ್ದು ನಿಂತು ಕಾಲು ಮುಟ್ಟಿದ. “ಸರ್, ನಾಲಗಿ ಬಹುತೇಕ ತಗೀಬೇಕಾಗ್ತದ್ರಿ. ಕುತಗಿ ಗಂಟೂ ತಗೀತೀವಿ. ಆಮ್ಯಾಲೆ ರೇಡಿಯೇಶನ್ ಕರೆಂಟ್ ಕೊಡ್ತೀವಿ. ಹೆದರಬ್ಯಾಡ್ರಿ,” ಎಂದ. ಹೇಳುವಾಗ ಅವನ ಕಣ್ಣೇ ತುಂಬಿತ್ತು.

ಲಲಿತಾ ಔಷಧಿ ತರಲು ಕೆಳಗೆ ಹೋದಾಗ ಅವನ ಮೇಜಿನ ಮೇಲೆ ಒಂದು ನಕ್ಷೆ ಕಂಡಿತು. ಎರಡು ಗೆರೆಗಳು ಎಡಗಡೆ ಮೇಲಿನಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿದಿದ್ದವು. ಒಂದು ನಿಧಾನವಾಗಿ ಇಳಿಯುತ್ತಿತ್ತು, ಇನ್ನೊಂದು ಹಾಳು ಬಾವಿಯ ಪಾವಟಿಗೆಯಂತೆ ಧಡಧಡನೆ ಇಳಿದಿತ್ತು. ಗಣಿತದವನಿಗೆ ನಕ್ಷೆ ಕಂಡರೆ ಸುಮ್ಮನಿರಲಾಗುತ್ತದೆಯೇ? ಏನಿದು ಎಂದು ಕೇಳಿದೆ. ಅವನು ಅನುಮಾನಿಸಿದ. “ಹೇಳಪಾ, ನಾ ನಿನಗ ಗ್ರಾಫ್ ಕಲಿಸಿದಾಂವ,” ಎಂದೆ. ಹೇಳಿದ.

ಎಲ್ಲರಿಗೂ ಮಾಡುವ ಮಾಮೂಲು ರಕ್ತಪರೀಕ್ಷೆಯಿಂದಲೇ, ಈ ರೋಗದವರಲ್ಲಿ ಯಾರು ಹೆಚ್ಚು ದಿನ ಬದುಕುತ್ತಾರೆ ಎಂದು ಮೊದಲೇ ಅಂದಾಜು ಮಾಡಬಹುದೇ ಎಂದು ಅವರು ಹಳೆಯ ಫೈಲುಗಳನ್ನು ಹುಡುಕಿ ನೋಡುತ್ತಿದ್ದರಂತೆ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೊಫಿಲ್ ಎಂಬುದೊಂದು ಜಾತಿ, ಲಿಂಫೊಸೈಟ್ ಎಂಬುದು ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು, ಅಷ್ಟೇ. ಭಾಗಲಬ್ಧ ಸಣ್ಣದಿದ್ದವರು ಮೇಲಿನ ಪಾವಟಿಗೆ, ದೊಡ್ಡದಿದ್ದವರು ಕೆಳಗಿನದು. ಕೆಳಗಿನ ಗೆರೆಯಲ್ಲಿ ಮೂರು ವರ್ಷಕ್ಕೆ ನೂರರಲ್ಲಿ ಮೂವತ್ತು ಜನ ಉಳಿದಿದ್ದರು. ಒಂದೊಂದು ಮೆಟ್ಟಿಲೂ ಒಬ್ಬೊಬ್ಬ ಸತ್ತವನು ಸುಭಾನ. ಅಷ್ಟು ಅಚ್ಚುಕಟ್ಟಾದ ಗೆರೆ.

ನನ್ನ ರಕ್ತದ ವರದಿ ನನ್ನ ಕೈಯಲ್ಲೇ ಇತ್ತು. ಎಂಬತ್ನಾಲ್ಕು, ಹನ್ನೆರಡು. ಭಾಗಿಸಲು ಕಾಗದ ಬೇಕೇ? ಏಳು.

“ನಂದು ಯಾವ ಪಾವಟಿಗೀಪಾ?” ಎಂದೆ.

ದೀಪಕ ನಕ್ಷೆಯನ್ನು ತಿರುವಿ ಇಟ್ಟ. “ಸರ್, ಇದು ಗುಂಪಿನ ಲೆಕ್ಕರಿ, ಒಬ್ಬರದ್ದಲ್ಲ. ನೀವ ನಮಗ ಕಲಿಸೀರಿ, ನಾಣ್ಯ ಸಾವಿರ ಸಲ ಚಿಮ್ಮಿದ್ರ ಅರ್ಧ ರಾಜ ಬೀಳ್ತದ, ಒಂದ ಸಲ ಚಿಮ್ಮಿದ್ರ ಏನ್ ಬೀಳ್ತದ ಅಂತ ದೇವ್ರಿಗೂ ಗೊತ್ತಿಲ್ಲ ಅಂತ. ಮತ್ತ ಈಗ ನಿಮ್ಮ ಹಲ್ಲಿನ್ಯಾಗ ಕೀವ ಐತಿ. ಇದನ್ನ ತಲಿಗೆ ಹಚಗೋಬ್ಯಾಡ್ರಿ.”

ಹಚ್ಚಿಕೊಂಡೆ. ಮೂವತ್ತನಾಲ್ಕು ವರ್ಷ ಸಂಭವನೀಯತೆ ಪಾಠ ಮಾಡಿದವನು ಕೆಳಗಿನ ಪಾವಟಿಗೆಯನ್ನು ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಲಲಿತಾ ಕಾಡಿ ಕಾಡಿ ಕೇಳಿದಳು. “ಏಳು ಅಂತ ಬಂದೈತಿ, ಚಲೋ ಇಲ್ಲ,” ಎಂದಷ್ಟೇ ಹೇಳಿದೆ. ಅವಳು ಅದನ್ನು ತನ್ನ ತಾಯಿಗೆ ಫೋನಿನಲ್ಲಿ ಹೇಳಿದಳು. ಮರುದಿನ ಮುಂಜಾನೆಯ ಹೊತ್ತಿಗೆ ಆ ಏಳಕ್ಕೆ ಬಾಲ ಬಂದಿತ್ತು. ಏಳು ತಿಂಗಳು!

ಅಣ್ಣ ಚಂದಪ್ಪ ನಿನಗೆ ಗೊತ್ತಲ್ಲ, ಅಮೀನಗಡದ ಕುರಿ ಸಂತೆಯ ದಲಾಲಿ. ಹೊಲ ಪಾಲಾದಾಗಿನಿಂದ ಒಂಬತ್ತು ವರ್ಷ ನನ್ನ ಜೊತೆ ಮಾತಿರಲಿಲ್ಲ. ಅವತ್ತು ಮಧ್ಯಾಹ್ನ ಬಂದ. ಬಾಗಿಲಲ್ಲೇ ನನ್ನನ್ನು ತಬ್ಬಿ ಹೋ ಎಂದು ಅತ್ತ. “ತಮ್ಮಾ, ಏಳ ತಿಂಗಳೇನೋ!” ಎಂದ. ಅವನ ಅಂಗೈ ನನ್ನ ಬೆನ್ನ ಮೇಲೆ ಹರಿದಾಡುತ್ತಿತ್ತು. ನಮ್ಮಪ್ಪ ಕುರಿಯ ಬೆನ್ನ ಮೇಲೆ ಹೀಗೇ ಕೈಯಾಡಿಸಿ ಎಷ್ಟು ಕಿಲೋ ಮಾಂಸ ಬೀಳುತ್ತದೆಂದು ಹೇಳುತ್ತಿದ್ದ. ಅಣ್ಣನಿಗೂ ಅದೇ ಕೈ. ಅಳುತ್ತಲೇ ನನ್ನನ್ನು ತೂಗುತ್ತಿದ್ದಾನೆ ಅನ್ನಿಸಿತು. ‘ಅಣ್ಣಾ, ಏಳು ಅಂದ್ರ ತಿಂಗಳಲ್ಲ, ಭಾಗಾಕಾರ’ ಎಂದು ಹೇಳಬೇಕಿತ್ತು. ಒಂಬತ್ತು ವರ್ಷದ ಮೇಲೆ ತಬ್ಬಿಕೊಂಡವನಿಗೆ ಭಾಗಾಕಾರ ಹೇಳುವುದು ಹೇಗೆ?

ಅವ್ವ ಸತ್ಯವ್ವ ನನ್ನ ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಬಳಿದಳು. ಎಂಬತ್ತಮೂರು ವರ್ಷದವಳು. ಅವಳೇ ಮೊದಲು ಆ ಮಾತು ತೆಗೆದದ್ದು: “ಸುಧಾನ ಕೊಳ್ಳಾಗ ತಾಳಿ ಬೀಳೂದನ್ನ ನೀ ನೋಡಬೇಕಪಾ. ಸಾಯಾಂವಗ ಮತ್ತೇನ್ ಬೇಕು?” ಎದುರಿಗೇ ಹೇಳಿದಳು. ಯಾರೂ ಬೇಡ ಅನ್ನಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು, ನಿನಗೆ ಗೊತ್ತಿದೆ. ಆಗ ಅವಳಿಗೆ ಇಪ್ಪತ್ತು. ಬಾಗಲಕೋಟೆಯ ವಿದ್ಯಾಗಿರಿಯ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದು ನಿನ್ನ ಮುಂದೆಯೇ ಎಷ್ಟು ಸಲ ಹೇಳಿದ್ದಳು! ನೀನು ‘ನಿಮ್ಮಪ್ಪ ಕೂಡಿಸೂದು ಕಳೆಯೂದು ಅಷ್ಟ ಬಲ್ಲ, ನೀ ಮುಂದ ಹೋಗವಾ’ ಎನ್ನುತ್ತಿದ್ದೆ.

ಅಣ್ಣ ಎರಡೇ ದಿನದಲ್ಲಿ ವರ ಹುಡುಕಿದ. ಕೆರೂರಿನ ಹಣಮೇಶ, ನಮಗೆ ದೂರದ ನೆಂಟರೇ. ಬೋರ್‌ವೆಲ್ ಮೋಟರು ರಿಪೇರಿಯ ಅಂಗಡಿ ಇದೆ, ಸ್ವಂತ ಮನೆ ಇದೆ. ಚಟ ಇಲ್ಲ. ‘ಓದಸ್ತೀವ್ರಿ, ನಮಗೂ ಕಲ್ತ ಸೊಸಿ ಬೇಕು’ ಎಂದು ಅವರ ಮನೆಯವರು ಬೀರಪ್ಪನ ಗುಡಿಯಲ್ಲಿ ಕುಳಿತು ಮಾತು ಕೊಟ್ಟರು.

ಸುಧಾ ಹಾಸ್ಟೆಲ್ಲಿನಿಂದ ಬಂದಳು. ಅವಳು ಅಳಲಿಲ್ಲ. ನನ್ನ ವರದಿಯನ್ನು ಕೈಗೆ ತೆಗೆದುಕೊಂಡು ಓದಿದಳು, ದೀಪಕನ ನಕ್ಷೆಯ ಸಂಗತಿಯನ್ನೂ ನನ್ನಿಂದ ಕೆದಕಿ ಕೇಳಿಕೊಂಡಳು. ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದಾಗ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತಳು.

“ಅಪ್ಪಾ, ಏಳು ತಿಂಗಳು ಅಂತ ಡಾಕ್ಟರ್ ಅಂದಾರೇನು?”

“ಇಲ್ಲ.”

“ಮತ್ತ ಯಾಕ ಸುಮ್ನದೀ? ಎಲ್ಲಾರಿಗೂ ಹೇಳು. ಮೂರು ವರ್ಷಕ್ಕ ನೂರರಾಗ ಮೂವತ್ತು ಮಂದಿ ಇರ್ತಾರ. ಆ ಮೂವತ್ತು ಮಂದಿ ಮನ್ಯಾಗೂ ಹಿಂಗ ಅಳಕೋಂತ ಕುಂತಿದ್ರೋ ಏನೋ. ಮತ್ತ ನಿನಗ ಹಲ್ಲಿನ ಕೀವೈತಿ. ಕೀವಿದ್ರ ಆ ಕಣ ಹೆಚ್ಚಾಗೇ ಆಗ್ತಾವ. ಹಲ್ಲ ಕೀಳಿಸಿ, ಗುಳಿಗಿ ನುಂಗಿ, ಇನ್ನೊಮ್ಮೆ ರಕ್ತ ಕೊಡು. ಎರಡು ವರ್ಷ ಕೊಡಪಾ ನನಗ. ಎಂ.ಎಸ್ಸಿ. ಮುಗದ ದಿನಾನ ನೀ ಹೇಳಿದಾಂವನ್ನ ಮದುವಿ ಆಗ್ತೇನಿ.”

ಅಣ್ಣ ಎದ್ದು ನಿಂತ. “ಅಪ್ಪ ಸಾಯಾಕತ್ತಾನ, ಈಕಿ ಲೆಕ್ಕ ಹೇಳಾಕತ್ತಾಳ! ಎರಡು ವರ್ಷ ಎಲ್ಲಿಂದ ತರ್ತಾನವಾ ಅಂವ?”

ಲಲಿತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಸುಧಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೊಂದು ಮಾತು ಆಡಿದರೆ ಮುಗಿಯುತ್ತಿತ್ತು. ಆಗ ನನಗೆ ನಾಲಗೆ ಇತ್ತು, ಸುಭಾನ.

ಮೇ ಏಳಕ್ಕೆ ಮದುವೆ. ಚುನಾವಣೆಯ ವಾರ ಅದು. ವ್ಯಾನು, ಟ್ರ್ಯಾಕ್ಸು ಯಾವುದೂ ಸಿಗದೆ ಗಂಡಿನ ಕಡೆಯವರು ಎರಡು ತಾಸು ತಡವಾಗಿ ಬಂದರು. ಜನ ಮಾತ್ರ ಕಿಕ್ಕಿರಿದು ಬಂದಿತ್ತು. ಮದುವೆಗಿಂತ ಹೆಚ್ಚಾಗಿ ನನ್ನನ್ನು ನೋಡಲು ಬಂದವರು. ಒಬ್ಬೊಬ್ಬರೂ ನನ್ನ ಎರಡೂ ಕೈ ಹಿಡಿದುಕೊಂಡು ನಿಲ್ಲುತ್ತಿದ್ದರು. ವಧೂವರರ ಮುಂದಿಗಿಂತ ನನ್ನ ಕುರ್ಚಿಯ ಮುಂದೆ ಸಾಲು ದೊಡ್ಡದಿತ್ತು. ಅಕ್ಷತೆ ಬಿದ್ದ ಮೇಲೆ ಮಗಳ ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದೆ. ನನ್ನ ಸ್ವಂತ ದನಿಯಲ್ಲಿ ಅವಳಿಗೆ ಹೇಳಿದ ಕೊನೆಯ ಮಾತು ಅದೇ ಆಗಬೇಕೆಂದು ಏನೇನೋ ಕೂಡಿಸಿಟ್ಟುಕೊಂಡಿದ್ದೆ. ಅದೇ ಹೊತ್ತಿಗೆ ಬ್ಯಾಂಡಿನವರು ಎತ್ತಿ ಬಾರಿಸಿದರು. ಅವಳು ತಲೆ ಎತ್ತಿ, “ಏನಂದೀ ಅಪ್ಪಾ?” ಎಂದಳು. ಮತ್ತೊಮ್ಮೆ ಹೇಳುವಷ್ಟರಲ್ಲಿ ಯಾರೋ ಫೋಟೋಕ್ಕೆ ಎಳೆದರು.

ಎಂಟು ದಿನಕ್ಕೆ ಆಪರೇಶನ್. ನಾಲಗೆ ತೆಗೆದು ಆ ಜಾಗದಲ್ಲಿ ಎದೆಯ ಮಾಂಸ ಹೊಲಿದರು. ಎದೆಯ ಚರ್ಮವಲ್ಲವೇ, ಕರೆಂಟು ಕೊಡುವ ತನಕ ಬಾಯೊಳಗೆ ಕೂದಲು ಬೆಳೆಯುತ್ತಿದ್ದವು. ನಗಬೇಡ. ಅಥವಾ ನಗು, ನಾನೂ ಒಂದು ದಿನ ಕನ್ನಡಿ ಹಿಡಿದು ನಕ್ಕೆ, ಆದರೆ ನಕ್ಕ ಸಪ್ಪಳ ಕೇಳಿ ಲಲಿತಾ ಹೆದರಿ ಓಡಿ ಬಂದಳು. ಮೂವತ್ತುಮೂರು ದಿನ ಕರೆಂಟು. ಆಮೇಲೆ ಗಂಜಿ, ರಾಗಿ ಅಂಬಲಿ, ಮಿಕ್ಸರಿನಲ್ಲಿ ರುಬ್ಬಿದ ರೊಟ್ಟಿ. ಮಾತಿಗೆ ಬದಲು ಪಾಟಿ, ಬಳಪ. ಪಾಠ ಮಾಡಲಾಗದ ಮಾಸ್ತರನನ್ನು ಇಲಾಖೆಯವರು ಕಚೇರಿಯಲ್ಲಿ ಕೂಡಿಸಿ ಕಡತ ಜೋಡಿಸಲು ಹಚ್ಚಿದರು. ಈ ವರ್ಷ ಮೇ ತಿಂಗಳಲ್ಲಿ ಹಾರ ಹಾಕಿ ಕಳಿಸಿದರು. ಭಾಷಣ ಮಾಡಿ ಎಂದು ಅಭ್ಯಾಸಬಲದಿಂದ ಮೈಕು ನನ್ನ ಮುಂದೆ ಹಿಡಿದು, ಆಮೇಲೆ ನಾಲಗೆ ಕಚ್ಚಿಕೊಂಡರು. ಅವರಿಗೆ ಕಚ್ಚಿಕೊಳ್ಳಲು ಇದೆಯಲ್ಲ.

ಆ ಏಳು ತಿಂಗಳು ತುಂಬಿದ ಹೊತ್ತಿನ ಕತೆ ಕೇಳು. ನವೆಂಬರ್ ಕೊನೆಗೆ ನೆಂಟರು ಒಬ್ಬೊಬ್ಬರೇ ಬರತೊಡಗಿದರು. ಬಾಳೆಹಣ್ಣು ಹಿಡಿದುಕೊಂಡು ಬಂದು ಗೋಡೆಗುಂಟ ಕೂಡುತ್ತಿದ್ದರು. ನಾನೇ ಎದ್ದು ಚಹಾ ಕೊಡುತ್ತಿದ್ದೆ. ಚಹಾ ಕುಡಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ನಾಚಿಕೊಂಡವರಂತೆ ಎದ್ದು ಹೋಗುತ್ತಿದ್ದರು. ಅಣ್ಣನ ಹೆಂಡತಿ ಅಡಿಗೆ ಮನೆಯಲ್ಲಿ ಲಲಿತಾಳಿಗೆ, “ಡಾಕ್ಟರ್ ಏಳು ಅಂದಿದ್ರಲ್ಲಾ ತಂಗಿ, ಮತ್ತೇನೂ ಅಂದಿಲ್ಲನು?” ಎಂದು ಕೇಳಿದ್ದು ನನಗೆ ಕೇಳಿಸಿತು. ಎಂಟಾಯಿತು, ಹತ್ತಾಯಿತು, ವರ್ಷವಾಯಿತು. ಅಣ್ಣ ಬರುವುದು ಕಡಿಮೆಯಾಯಿತು. ಕೆರೆದಂಡೆಯ ಹೊಲದ ಪಾಲಿನ ಜಗಳ ಮತ್ತೆ ತೆಗೆದ. ಸಾಯುವವನನ್ನು ಕ್ಷಮಿಸಿದ್ದನೇ ಹೊರತು ಬದುಕುವವನನ್ನಲ್ಲ. ಅವ್ವ ಮಾತ್ರ ಬೀರಪ್ಪನೇ ಉಳಿಸಿದನೆಂದು ಊರೆಲ್ಲ ಹೇಳಿ, ಹೋದ ವರ್ಷ ತಾನೇ ಹೋಗಿಬಿಟ್ಟಳು.

ಮಗಳ ವಿಷಯ. ಅವಳು ಗಂಡನ ಮನೆಯಿಂದಲೇ ಬಂದು ಕೊನೆಯ ಪರೀಕ್ಷೆ ಬರೆದಳು, ಕಾಲೇಜಿಗೆ ಎರಡನೆಯವಳಾದಳು. ಧಾರವಾಡದಲ್ಲಿ ಸೀಟು ಸಿಕ್ಕಿತು. ಆಗ ನಾನು ಕರೆಂಟಿನಿಂದ ಕುತ್ತಿಗೆ ಸುಟ್ಟು ಮಲಗಿದ್ದೆ. ಅತ್ತೆ ಮನೆಯವರು ‘ಮುಂದಿನ ವರ್ಷ’ ಎಂದರು. ಮುಂದಿನ ವರ್ಷ ಬಸುರಿ. ಈಗ ಮೊಮ್ಮಗಳಿಗೆ ಒಂದು ವರ್ಷ. ಸುಧಾ ಅಂಗಡಿಯಲ್ಲಿ ಕುಳಿತು ತಾಮ್ರದ ತಂತಿ, ಬೇರಿಂಗು, ಕೆಪಾಸಿಟರು ಎತ್ತಿ ಕೊಡುತ್ತಾಳೆ. ಹಣಮೇಶ ಕೆಟ್ಟವನಲ್ಲ, ಕೈ ಎತ್ತುವವನೂ ಅಲ್ಲ. ಹೋದ ವರ್ಷ ನಾನು ಪಾಟಿಯ ಮೇಲೆ ‘ಓದಿಸುತ್ತೇವೆ ಅಂದಿದ್ದಿರಿ’ ಎಂದು ಬರೆದು ತೋರಿಸಿದೆ. ಅವನು ಓದಿ, ಮೆತ್ತಗೇ ಹೇಳಿದ: “ಮಾವಾರ, ಸಿಟ್ಟಿಗೇಳಬ್ಯಾಡ್ರಿ. ಆವಾಗ ನಿಮಗ ಅವಸರ ಇತ್ತು, ನಾವು ಹೂಂ ಅಂದ್ವಿ. ನೀವು ಅವಸರ ಮಾಡಿರಲಿಲ್ಲಂದ್ರ ನನಗೂ ಮದುವಿ ಮಾಡಿಕೊಳ್ಳಾಕ ಇನ್ನಾ ಎರಡು ವರ್ಷ ಟೈಮ್ ಇತ್ತರಿ.” ಪಾಟಿ ಒರೆಸಿದೆ.

ಈ ದೀಪಾವಳಿಗೆ ಸುಧಾ ಬಂದಿದ್ದಳು. ನಾನು ಅಂಬಲಿ ಕುಡಿಯುತ್ತಿದ್ದೆ. ಎದುರು ಕುಳಿತು ಮಗುವಿಗೆ ಅನ್ನ ಕಲಸುತ್ತ, ಏನೋ ಹವೆಯ ಮಾತು ಆಡಿದಂತೆ ಆಡಿದಳು: “ಅಪ್ಪಾ, ನಾ ನಿನಗ ಮೂವತ್ತು ಮಂದಿ ಬಗ್ಗೆ ಹೇಳಿದ್ದೆ. ನೀ ಎಪ್ಪತ್ತು ಮಂದೀನ ಹಿಡಕೊಂಡು ಕುಂತಿ. ಹೋಗ್ಲಿ ಬಿಡು. ನೀ ಉಳದಿ, ಅದ ಭಾಳ ಆತು.” ಸಿಟ್ಟಿನಿಂದ ಹೇಳಿದ್ದರೆ ಸಹಿಸುತ್ತಿದ್ದೆ.

ದೀಪಕನ ಅಧ್ಯಯನ ಅಚ್ಚಾಗಿದೆ. ಒಂದು ಪ್ರತಿ ಕೊಟ್ಟ. ಕೊನೆಗೆ ನನ್ನ ರಕ್ತವನ್ನೂ ಅದರಲ್ಲಿ ಸೇರಿಸಿದ್ದಾರೆ, ಸಹಿ ಹಾಕಿಸಿಕೊಂಡೇ ಸೇರಿಸಿದ್ದು. ನಕ್ಷೆಯಲ್ಲಿ ಸತ್ತವರು ಮೆಟ್ಟಿಲಾಗಿದ್ದಾರೆ, ಬದುಕಿದವರು ಗೆರೆಯ ಮೇಲೆ ಸಣ್ಣ ಅಡ್ಡಗೀಟಾಗಿದ್ದಾರೆ. ಅದರಲ್ಲೊಂದು ನಾನು. ಲೆಕ್ಕ ಸುಳ್ಳಲ್ಲ ಸುಭಾನ, ದೀಪಕನೂ ಸುಳ್ಳನಲ್ಲ. ಯಾರಿಗೆ ಹೆಚ್ಚು ಗಟ್ಟಿ ಔಷಧ ಬೇಕು, ಯಾರನ್ನು ಬೇಗ ಬೇಗ ಕರೆಸಿ ನೋಡಬೇಕು ಎಂದು ತಿಳಿಯಲು ಅವರು ಮಾಡಿದ್ದು ಅದು. ಮಗಳ ಲಗ್ನ ಇಡಲಿಕ್ಕಲ್ಲ. ನಮ್ಮ ಜನಕ್ಕೆ ಯಾರ ಕೈಗೆ ಏನು ಸಿಕ್ಕರೂ ಪಂಚಾಂಗವೇ. ಅವ್ವ, ಅಣ್ಣ, ಲಲಿತಾ, ಎಲ್ಲರೂ ಸೇರಿ ಒಂದು ಅಂಕಿಯನ್ನು ನನ್ನ ಮಗಳ ಕೊರಳಿಗೆ ಕಟ್ಟಿದರು. ಇದಕ್ಕೇ ಪೇಡೆಯ ಮಾತು ಎತ್ತಬೇಡ ಎಂದು ಬರೆಯುತ್ತಿದ್ದೇನೆ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಲಲಿತಾ ನಿನಗೂ ಭಾಭಿಯವರಿಗೂ ನಮಸ್ಕಾರ ಹೇಳಿದ್ದಾಳೆ. ನಿನ್ನ ಮಂಡಿ ನೋವಿಗೆ ಎಳ್ಳೆಣ್ಣೆ ತಿಕ್ಕಿಸು, ಇಳಕಲ್ಲಿನ ಚಳಿಯಲ್ಲಿ ಬೆಳಗಿನ ನಮಾಜಿಗೆ ಬರಿಗಾಲಲ್ಲಿ ನಡೆಯಬೇಡ. ನಿನ್ನ ಮಕ್ಕಳು ಮೊಮ್ಮಕ್ಕಳು ತಮ್ಮ ತಮ್ಮ ಮನಸ್ಸಿನಂತೆ ಬಾಳಲಿ. ಬೀರಪ್ಪನೂ ನಿನ್ನ ಅಲ್ಲಾಹನೂ ಕೂಡಿ ಅವರನ್ನು ಕಾಯಲಿ.

ನಿನ್ನ ಗೆಳೆಯ,
ಮಾಳಿಂಗರಾಯ

ತಾಜಾ ಕಲಂ: ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅವರೆಲ್ಲ ಸೇರಿ ಕಟ್ಟಿದರು ಎಂದೆ. ಅಲ್ಲ.

ಸುಧಾ ಹೇಳಿದಂತೆ ಹಲ್ಲು ಕೀಳಿಸಿ, ಗುಳಿಗೆ ನುಂಗಿ, ಮೇ ಮೂರಕ್ಕೆ ನಾನು ಒಬ್ಬನೇ ಬಾಗಲಕೋಟೆಗೆ ಹೋಗಿ ಆಪರೇಶನ್ನಿನ ತಯಾರಿಗೆಂದು ಮತ್ತೆ ರಕ್ತ ಕೊಟ್ಟಿದ್ದೆ. ಸಂಜೆಗೆ ವರದಿ ಬಂತು. ಅರವತ್ತಮೂರು, ಮೂವತ್ತು. ಭಾಗಿಸಿದರೆ ಎರಡು ಪಾಯಿಂಟ್ ಒಂದು. ದೀಪಕ ಕುಣಿದಾಡುವಷ್ಟು ಖುಷಿಯಾಗಿ, “ಸರ್, ಕೀವಿಂದ ಆ ಏಳು ಬಂದಿತ್ತು ನೋಡ್ರಿ! ನೀವು ಮ್ಯಾಲಿನ ಪಾವಟಿಗೀ ಮ್ಯಾಲ ಅದೀರಿ,” ಎಂದ. ಮದುವೆಗೆ ಇನ್ನು ನಾಲ್ಕು ದಿನ ಇತ್ತು.

ಬಸ್ಸಿನಲ್ಲಿ ಆ ಕಾಗದ ಅಂಗಿಯ ಜೇಬಿನಲ್ಲಿತ್ತು. ಮನೆಗೆ ಹೋಗಿ ತೋರಿಸಿದರೆ ಏನಾಗುತ್ತದೆಂದು ಯೋಚಿಸಿದೆ. ಅಣ್ಣ ಮತ್ತೆ ಮಾತು ಬಿಡುತ್ತಾನೆ. ಹಂದರ ಹಾಕುವವರನ್ನು ವಾಪಸು ಕಳಿಸಬೇಕು. ಅಷ್ಟು ದಿನ ನನ್ನ ಕೈ ಹಿಡಿದು ಅತ್ತವರೆಲ್ಲ ಮಾಸ್ತರ ಸುಳ್ಳೇ ಸಾಯುತ್ತಿದ್ದ ಎನ್ನುತ್ತಾರೆ. ಅಂಕಿ ಒಳ್ಳೆಯದಾದರೂ ನಾಲಗೆ ಹೋಗುವುದು ಹೋಗುವುದೇ. ನನ್ನ ದನಿ ಇರುವಾಗಲೇ ಮಗಳಿಗೆ ಆಶೀರ್ವಾದ ಮಾಡಬೇಕು, ನನ್ನ ಸುತ್ತ ಅಷ್ಟು ಜನ ನಿಂತು ಕೇಳಬೇಕು. ನನಗೆ ಅದು ಬೇಕಾಗಿತ್ತು ಸುಭಾನ. ಬೇರೆ ಯಾರಿಗೂ ಅಲ್ಲ, ನನಗೆ. ನಮ್ಮ ಮನೆಯವರ ಲೆಕ್ಕದಲ್ಲಿ ಎರಡು ಎಂದರೆ ಎರಡೇ ತಿಂಗಳು ಎಂದೂ ಒಂದು ಸಲ ತಮಾಷೆ ಹೊಳೆಯಿತು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು, ಕಾಗದವನ್ನು ಹರಿದು ಒಗೆದೆ. ಮನೆಗೆ ಹೋಗಿ “ರಕ್ತ ಹಂಗಽ ಐತಿ” ಎಂದೆ. ಸುಧಾ “ಖರೇನಾ ಅಪ್ಪಾ?” ಎಂದು ಒಂದೇ ಸಲ ಕೇಳಿದಳು. ಖರೆ ಎಂದೆ. ಮರುದಿನ ಕೈಗೆ ಮೆಹಂದಿ ಹಚ್ಚಿಸಿಕೊಳ್ಳಲು ಕುಳಿತಳು.

ಹೋದ ತಿಂಗಳು ತಪಾಸಣೆಗೆ ಅವಳೇ ನನ್ನ ಜೊತೆ ಬಂದಿದ್ದಳು. ಲಲಿತಾಳಿಗೆ ಜ್ವರವಿತ್ತು. ದೀಪಕ ಸಂಭ್ರಮದಿಂದ ಅಚ್ಚಾದ ಪ್ರತಿ ಕೊಟ್ಟು, ಸಂಖ್ಯಾಶಾಸ್ತ್ರದವಳೆಂದು ಅವಳಿಗೇ ವಿವರಿಸಿದ. ಅವಳು ನಕ್ಷೆಯ ಮೇಲೆ ಬೆರಳಾಡಿಸಿ, “ಅಪ್ಪ ಕೆಳಗಿನ ಗೆರಿ ಮ್ಯಾಲ ಅದಾರಲ್ರಿ, ಏಳು ಇತ್ತಲ್ಲ?” ಎಂದಳು. “ಇಲ್ಲರಿ, ನಾವು ಆಪರೇಶನ್ನಿನ ಮುಂಚಿನ ಕೊನೀ ರಕ್ತ ಹಿಡೀತೀವಿ,” ಎಂದು ಅವನು ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದ. “ನೋಡ್ರಿ, ಮೇ ಮೂರು. ಎರಡು ಪಾಯಿಂಟ್ ಒಂದು. ಸರ್‌ಗೆ ಅವತ್ತಽ ಹೇಳಿದ್ದೆ.”

ಅವಳು ಪರದೆಯನ್ನು ನೋಡಿದಳು. ತಾರೀಕನ್ನು ಎರಡು ಸಲ ಓದಿದಳೆಂದು ತೋರುತ್ತದೆ. ನಾನು ಪಾಟಿ ಹುಡುಕಿದೆ, ಬಳಪ ಜಾರಿ ನೆಲಕ್ಕೆ ಬಿತ್ತು. ಅವಳೇ ಬಗ್ಗಿ ಎತ್ತಿಕೊಟ್ಟಳು. ನಾನು ಬರೆಯುತ್ತೇನೆಂದು ಕಾಯಲಿಲ್ಲ, ಎದ್ದು ಔಷಧಿ ಚೀಟಿ ತೆಗೆದುಕೊಂಡಳು. ಬಸ್ ನಿಲ್ದಾಣಕ್ಕೆ ನಡೆದೆವು. ನನ್ನ ಬಾಯಿಂದ ಜೊಲ್ಲು ಇಳಿದಾಗ ಮೊದಲಿನಂತೆಯೇ ವಲ್ಲಿಯಿಂದ ಒರೆಸಿದಳು. ಹುನಗುಂದದ ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂಡಿಸಿ, ಇಳಿದು, ಕೆಳಗೆ ನಿಂತಿದ್ದ ಕಂಡಕ್ಟರನಿಗೆ ಹೇಳಿದಳು: “ಇವ್ರಿಗೆ ಮಾತು ಬರೂದಿಲ್ಲರಿ. ಹುನಗುಂದದಾಗ ಇಳಸ್ರಿ.”

“ನಿಮ್ಮ ಅಪ್ಪಾರೇನ್ರಿ?” ಎಂದು ಕಂಡಕ್ಟರ ಕೇಳಿದ.

ಅವಳು ಕೆರೂರಿನ ಬಸ್ಸಿನ ಕಡೆ ನಡೆದಳು.